ಕಾವಲು ತಪ್ಪಿದ ಕೋಶ

ನಮ್ಮ ದೊಡ್ಡಮ್ಮನವರು ಸ್ತನದಲ್ಲಿ ಕಾಣಿಸಿಕೊಂಡ ಗಂಟನ್ನು ಹಲವು ತಿಂಗಳು ಯಾರಿಗೂ ಹೇಳದೆ ಸೆರಗಿನ ಮರೆಯಲ್ಲಿಯೇ ಇಟ್ಟುಕೊಂಡಿದ್ದರು. ಕೊನೆಗೆ ತಿಳಿದು ಕೇಳಿದಾಗ, "ಯಾವ ಜನ್ಮದ ಪಾಪವೋ" ಎಂದರು. ಅವರು ತೀರಿಕೊಂಡ ಮೇಲೆ ಅವರ ಮಗಳು ನನ್ನನ್ನು ಕೇಳಿದಳು: "ಅಣ್ಣಾ, ಇದು ನನಗೂ ಬರುತ್ತದೆಯೆ?" ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿ ತಿಳಿದುದನ್ನು ಶ್ರೋತೃಗಳ ಮುಂದಿಡುತ್ತೇನೆ.

ಜೀವಕೋಶ ಒಂದು ಎರಡಾಗುವುದು ಸಹಜ. ಗಾಯ ಮಾಯುವುದೂ ಅದರಿಂದಲೇ. ಅದು ತಕ್ಕ ಹೊತ್ತಿಗೆ ನಿಲ್ಲುತ್ತದೆಯಲ್ಲ, ಸೋಜಿಗವಿರುವುದು ಅಲ್ಲಿ. ಹಾಗೆ ನಿಲ್ಲಿಸುವ ಪ್ರೋಟೀನುಗಳಿಗೆ ಅರ್ಬುದ ನಿರೋಧಕಗಳೆಂದು ಹೆಸರು. 1979ರಲ್ಲಿ ಪತ್ತೆಯಾದ ಪಿ-53 ಅವುಗಳಲ್ಲೊಂದು. ಮೊದಲು ವಿಜ್ಞಾನಿಗಳು ಇದನ್ನೇ ರೋಗಕಾರಕವೆಂದು ಬಗೆದಿದ್ದರು. ಇದು ಕಾವಲುಗಾರನೆಂಬುದು ಸ್ಪಷ್ಟವಾದದ್ದು 1989ರಲ್ಲಿ. ಕೋಶದ ಡಿಎನ್‌ಎಗೆ ಪೆಟ್ಟು ಬಿದ್ದರೆ ಪಿ-53 ವಿಭಜನೆಯನ್ನು ತಡೆದು ದುರಸ್ತಿಗೆ ಬಿಡುವು ಕೊಡುತ್ತದೆ. ದುರಸ್ತಿ ಅಸಾಧ್ಯವಾದರೆ ಆ ಕೋಶ ತಾನಾಗಿ ಸಾಯುವಂತೆ ಮಾಡುತ್ತದೆ. ಸ್ತನ ಕ್ಯಾನ್ಸರುಗಳಲ್ಲಿ ಸುಮಾರು ಮೂರರಲ್ಲೊಂದರಲ್ಲಿ ಇದರ ವಂಶವಾಹಿ ಕೆಟ್ಟಿರುತ್ತದೆ.

ದುರಸ್ತಿಯ ಕೆಲಸದಲ್ಲಿ ಬಿಆರ್‌ಸಿಎ-1 ಎಂಬ ಪ್ರೋಟೀನು ಮುಖ್ಯವಾದುದು. ಡಿಎನ್‌ಎಯ ಎರಡೂ ಎಳೆಗಳು ತುಂಡಾದಾಗ ತಪ್ಪಿಲ್ಲದೆ ಬೆಸೆಯಲು ಅದು ನೆರವಾಗುತ್ತದೆ. ಈ ರೋಗ ತಲೆಮಾರುಗಳಲ್ಲಿ ಮರುಕಳಿಸುತ್ತಿದ್ದ ಮನೆತನಗಳನ್ನು ಅಭ್ಯಸಿಸಿದ ಅಮೆರಿಕದ ಮೇರಿ-ಕ್ಲೇರ್ ಕಿಂಗ್, ಅದರ ವಂಶವಾಹಿ 17ನೆಯ ವರ್ಣತಂತುವಿನಲ್ಲಿದೆಯೆಂದು 1990ರಲ್ಲಿ ತೋರಿಸಿದರು.

ಈ ವಂಶವಾಹಿಯ ಎರಡು ಪ್ರತಿಗಳು ನಮ್ಮಲ್ಲಿವೆ, ತಾಯಿಯದೊಂದು, ತಂದೆಯದೊಂದು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ. ಯಾವುದೋ ಕೋಶದಲ್ಲಿ ಎರಡನೆಯದೂ ಹಾಳಾದರೆ ತಪ್ಪುಗಳು ತಿದ್ದುಪಡಿಯಿಲ್ಲದೆ ಕೂಡುತ್ತ ಹೋಗುತ್ತವೆ. ದೋಷವುಳ್ಳ ಪ್ರತಿ ಮಕ್ಕಳಿಗೆ ಬರುವ ಸಂಭವ ಅರ್ಧದಷ್ಟು. ಅದು ತಂದೆಯಿಂದಲೂ ಬರಬಹುದು. ಆದರೆ ಸ್ತನ ಕ್ಯಾನ್ಸರುಗಳಲ್ಲಿ ಹೀಗೆ ವಂಶದಿಂದ ಬಂದವು ನೂರಕ್ಕೆ 5ರಿಂದ 10 ಮಾತ್ರ.

ಈ ಕೊರತೆಯೇ ಚಿಕಿತ್ಸೆಗೂ ದಾರಿ ತೋರಿದೆ. ಬಿಆರ್‌ಸಿಎ ಇಲ್ಲದ ಕ್ಯಾನ್ಸರ್ ಕೋಶ ದುರಸ್ತಿಯ ಬೇರೊಂದು ಹಾದಿಯನ್ನು ನೆಚ್ಚಿ ಬದುಕುತ್ತದೆ. ಆ ಹಾದಿಯನ್ನೂ ಮುಚ್ಚುವ ಒಲಾಪರಿಬ್ ಎಂಬ ಔಷಧಕ್ಕೆ 2018ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರಿಗಾಗಿ ಒಪ್ಪಿಗೆ ದೊರೆಯಿತು.

ತಂಗಿಗೆ ನಾನು ಹೇಳಿದ್ದು ಇಷ್ಟು: "ತಾಯಿಯಿಂದ ನಿನಗೆ ಬಂದಿದ್ದರೆ ಅದು ರೋಗವಲ್ಲ, ಪಾಪವಂತೂ ಅಲ್ಲ, ಇಬ್ಬರು ಕಾವಲುಗಾರರಲ್ಲಿ ಒಬ್ಬನು ಇಲ್ಲವೆಂಬ ಎಚ್ಚರಿಕೆ, ಅಷ್ಟೆ."

ಅವಳು ರಕ್ತಪರೀಕ್ಷೆ ಮಾಡಿಸಿಕೊಂಡಳು. ದೋಷವಿರುವುದು ಕಂಡುಬಂದಿತು. ವರ್ಷವರ್ಷವೂ ತಪಾಸಣೆಗೆ ಹೋಗುತ್ತಾಳೆ. ಹೋಗುವ ದಿನ ಮನೆಯವರೆಲ್ಲರಿಗೂ ಹೇಳಿಯೇ ಹೋಗುತ್ತಾಳೆ.