ನೆಗೆಟಿವ್ ವಾಪಸ್ ಕೇಳಿ ಪಡೆಯಿರಿ

‘ಕಿದ್ವಾಯಿಯಲ್ಲಿದ್ದೇನೆ’ ಎಂದರೆ ಊರಿನ ಕಡೆಯವರು ಒಮ್ಮೆ ಗಾಬರಿಯಾಗುತ್ತಾರೆ. ಕನ್ನಡಿಗರಿಗೆ ಕಿದ್ವಾಯಿ ಎಂದರೆ ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆ. ಆ ಆಸ್ಪತ್ರೆಗೂ ದಕ್ಷಿಣ ದೆಹಲಿಯ ನಮ್ಮ ಬಡಾವಣೆಗೂ ಇರುವುದು ಒಬ್ಬರದೇ ಹೆಸರು, ಸ್ವಾತಂತ್ರ್ಯ ಹೋರಾಟಗಾರ, ನೆಹರೂ ಸಂಪುಟದ ಸಚಿವ ರಫಿ ಅಹ್ಮದ್ ಕಿದ್ವಾಯಿ ಅವರದು. ಹೆಂಡತಿಗೆ ಕೇಂದ್ರ ಸರ್ಕಾರದ ನೌಕರಿ, ಹಾಗಾಗಿ ಈಸ್ಟ್ ಕಿದ್ವಾಯಿ ನಗರದಲ್ಲಿ ಕ್ವಾರ್ಟರ್ಸ್. ನಾನು ದಿನಾ ನೋಯ್ಡಾಕ್ಕೆ ಹೋಗಿ ಸಾಫ್ಟ್‌ವೇರ್ ಬರೆದು ಬರುತ್ತೇನೆ.

ಇಲ್ಲಿ ಜನ ಗಲಿಬಿಲಿಯಾಗುವ ಇನ್ನೊಂದು ಮಾತೂ ಇದೆ. ‘ಶನಿವಾರ ರೀಲು ತೊಳೆಸೋಕೆ ಹೋಗಬೇಕು’ ಎಂದರೆ ಆಫೀಸಿನ ಹುಡುಗರು ಇನ್‌ಸ್ಟಾಗ್ರಾಂ ರೀಲ್ಸ್ ಎಂದುಕೊಳ್ಳುತ್ತಾರೆ. ನಾನು ಹೇಳುವುದು 36 ಫೋಟೊಗಳ ಫಿಲಂ ರೀಲು. ಅದನ್ನು ತೊಳೆದು, ಸ್ಕ್ಯಾನ್ ಮಾಡಿ ಕೊಡುವ ಲ್ಯಾಬುಗಳು ಈಗಲೂ ಇವೆ. ಕಡಿಮೆ, ಆದರೆ ಇವೆ.

ಬೋರ್ನ್‌ವೀಟಾ ಡಬ್ಬಿ

ಎರಡು ವರ್ಷದ ಹಿಂದೆ ಸಾಗರದ ನಮ್ಮ ಹಳೇ ಮನೆಯ ಅಟ್ಟ ಖಾಲಿ ಮಾಡುವಾಗ ಅಮ್ಮನಿಗೆ ಒಂದು ಬೋರ್ನ್‌ವೀಟಾ ಡಬ್ಬಿ ಸಿಕ್ಕಿತು. ಅದರೊಳಗೆ ಅಪ್ಪನ ಯಾಶಿಕಾ ಕ್ಯಾಮೆರಾದಲ್ಲಿ ತೆಗೆದ ಹಳೇ ನೆಗೆಟಿವ್‌ಗಳು, ಜೊತೆಗೆ ತೊಳೆಸದೇ ಉಳಿದಿದ್ದ ಎರಡು ರೀಲುಗಳು. ಅಪ್ಪ ಈಗಿಲ್ಲ. ಅವು ಯಾವ ವರ್ಷದವು, ಒಳಗೇನಿದೆ ಎಂದು ಹೇಳುವವರು ಯಾರೂ ಇಲ್ಲ. ‘2001ರ ಆಸುಪಾಸು ಇರಬಹುದು, ಆಮೇಲೆ ಆ ಕ್ಯಾಮೆರಾ ಮುಟ್ಟಿದ್ದು ನೆನಪಿಲ್ಲ’ ಎಂದಳು ಅಮ್ಮ.

ಆ ಕಾಲದಲ್ಲಾಗಿದ್ದರೆ ಪೇಟೆಯ ಸ್ಟುಡಿಯೊಗೆ ಕೊಟ್ಟರೆ ಮುಗಿಯುತ್ತಿತ್ತು. ಅವರು ಶಿವಮೊಗ್ಗದ ಕಲರ್ ಲ್ಯಾಬಿಗೆ ಕಳಿಸಿ, ನಾಲ್ಕು ದಿನದಲ್ಲಿ ಪ್ರಿಂಟು, ನೆಗೆಟಿವ್ ಎರಡನ್ನೂ ಒಂದು ಚಿಕ್ಕ ಆಲ್ಬಂ ಜೊತೆ ಕೊಡುತ್ತಿದ್ದರು. ಈಗ ಅದೇ ಸ್ಟುಡಿಯೊದಲ್ಲಿ ಪಾಸ್‌ಪೋರ್ಟ್ ಫೋಟೊ ಮತ್ತು ಫ್ಲೆಕ್ಸ್ ಮಾತ್ರ. ಹಾಗಾಗಿ ರೀಲುಗಳು ದೆಹಲಿಗೆ ಬಂದವು.

ರೀಲು ತೊಳೆಯುವುದು ಎಂದರೇನು

ಕಲರ್ ನೆಗೆಟಿವ್ ತೊಳೆಯುವ ವಿಧಾನದ ಹೆಸರು ಸಿ-41. ಕೊಡಾಕ್ ಕಂಪನಿ 1972ರಲ್ಲಿ ತಂದದ್ದು. ಯಾವ ಕಂಪನಿಯ ರೀಲೇ ಆಗಲಿ, ಬೆಂಗಳೂರಾಗಲಿ ಟೋಕಿಯೊ ಆಗಲಿ, ಲೆಕ್ಕ ಒಂದೇ: ಡೆವಲಪರ್ ದ್ರಾವಣ 37.8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ರೀಲು ಅದರಲ್ಲಿ 3 ನಿಮಿಷ 15 ಸೆಕೆಂಡ್ ಇರಬೇಕು. ಆಮೇಲೆ ಬ್ಲೀಚ್, ಫಿಕ್ಸರ್, ಕೊನೆಯ ತೊಳೆತ, ಒಣಗಿಸುವುದು. ಉಷ್ಣತೆ ಅರ್ಧ ಡಿಗ್ರಿ ಆಚೀಚೆಯಾದರೂ ಬಣ್ಣ ವಾಲುತ್ತದೆ.

ಇಲ್ಲಿ ಗ್ರಾಹಕರಿಗೆ ಕಾಣದ ಒಂದು ಸಂಗತಿ ಇದೆ. ಈ ದ್ರಾವಣಗಳು ಬಳಸಿದರೂ ಕೆಡುತ್ತವೆ, ಬಳಸದೆ ಇಟ್ಟರೂ ಗಾಳಿ ತಾಗಿ ಕೆಡುತ್ತವೆ. ದಿನಕ್ಕೆ ನೂರಾರು ರೀಲು ಬರುತ್ತಿದ್ದಾಗ ಯಂತ್ರ ಪ್ರತಿ ರೀಲಿಗೂ ಇಷ್ಟಿಷ್ಟು ಹೊಸ ದ್ರಾವಣ ಸೇರಿಸಿಕೊಳ್ಳುತ್ತ ತಾಜಾ ಇರುತ್ತಿತ್ತು. ಈಗ ವಾರಕ್ಕೆ ಬೆರಳೆಣಿಕೆಯಷ್ಟು ರೀಲು ಬರುವ ಕಡೆ ಹಾಗಾಗುವುದಿಲ್ಲ. ಆದ್ದರಿಂದ ಒಳ್ಳೆಯ ಲ್ಯಾಬಿನವರು ರೀಲುಗಳನ್ನು ಒಟ್ಟುಮಾಡಿಕೊಂಡು ವಾರಕ್ಕೆ ಒಂದೋ ಎರಡೋ ಸಲ ತೊಳೆಯುತ್ತಾರೆ. ‘ಗುರುವಾರ ಬನ್ನಿ’ ಎಂದರೆ ಬೇಸರ ಮಾಡಿಕೊಳ್ಳಬೇಡಿ. ನನ್ನ ಅನುಭವದಲ್ಲಿ ಕಾಯಿಸುವ ಲ್ಯಾಬೇ ವಾಸಿ.

ಒಂಬತ್ತನೇ ಸ್ಟೇಷನ್

ನಮ್ಮ ಮನೆಯಿಂದ ನಡೆದರೆ ದಿಲ್ಲಿ ಹಾಟ್–ಐಎನ್‌ಎ ಮೆಟ್ರೊ ಸ್ಟೇಷನ್. ಅಲ್ಲಿಂದ ಹಳದಿ ಮಾರ್ಗದಲ್ಲಿ ಒಂಬತ್ತನೇ ಸ್ಟೇಷನ್ ಚಾಂದನಿ ಚೌಕ. ಅದರ ಗಲ್ಲಿಗಳೊಳಗೆ ಕೂಚಾ ಚೌಧರಿ ಎಂಬ ಕ್ಯಾಮೆರಾ ಮಾರುಕಟ್ಟೆ ಇದೆ. ಹಳೇ ಲೆನ್ಸು, ಫ್ಲ್ಯಾಶು, ಬೆಲ್ಟು, ಬ್ಯಾಟರಿ, ರಿಪೇರಿ ಎಲ್ಲವೂ ಅಲ್ಲಿ. ನಡುವೆ ರಾಜೀವ್ ಚೌಕದಲ್ಲಿ ಇಳಿದರೆ ಕನ್ನಾಟ್ ಪ್ಲೇಸ್. 1915ರಲ್ಲಿ ಶ್ರೀನಗರದಲ್ಲಿ ಶುರುವಾಗಿ ಆಮೇಲೆ ದೆಹಲಿಗೆ ಬಂದ ಮಹಟ್ಟಾ ಸ್ಟುಡಿಯೊ ಇಲ್ಲಿ ಹೆಸರುವಾಸಿ. ಬೆಂಗಳೂರಿಗೆ 1910ರಲ್ಲಿ ಶುರುವಾದ ಜಿ.ಕೆ. ವೇಲ್ ಇದ್ದ ಹಾಗೆ ಅನ್ನಿ.

ದೆಹಲಿ ಮೆಟ್ರೊದಲ್ಲಿ ಪ್ರತಿ ಸ್ಟೇಷನ್ನಿನಲ್ಲೂ ಬ್ಯಾಗು ಎಕ್ಸ್‌ರೇ ಯಂತ್ರದೊಳಗೆ ಹೋಗುತ್ತದೆ. ಸಾಮಾನ್ಯ 200, 400 ವೇಗದ ರೀಲು ಒಂದೆರಡು ಸಲ ಹೋದರೆ ಕಣ್ಣಿಗೆ ಕಾಣುವ ಹಾನಿ ಆಗುವುದಿಲ್ಲ. ಆದರೆ ದಿನಾ ಆಫೀಸಿಗೆ ಹೊತ್ತು ಓಡಾಡಿದರೆ ಪ್ರತಿ ಸಲದ ಪಾಲೂ ಸೇರುತ್ತ ಹೋಗುತ್ತದೆ. ನಾನು ರೀಲನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು, ತಪಾಸಣೆ ಮಾಡುವ ಸಿಐಎಸ್‌ಎಫ್ ಸಿಬ್ಬಂದಿಗೆ ಕೈಯಲ್ಲೇ ತೋರಿಸುತ್ತೇನೆ. ಹೆಚ್ಚಿನವರು ಒಮ್ಮೆ ತಿರುಗಿಸಿ ನೋಡಿ, ನಕ್ಕು ಬಿಡುತ್ತಾರೆ. ವಿಮಾನದಲ್ಲಿ ಊರಿಗೆ ಹೋಗುವವರು ಇನ್ನೂ ಹುಷಾರಾಗಿರಬೇಕು. ಚೆಕ್-ಇನ್ ಸಾಮಾನಿನಲ್ಲಿ ರೀಲು ಇಡಲೇಬಾರದು. ಕೈಚೀಲಗಳಿಗೆ ಬಂದಿರುವ ಹೊಸ ಸಿ.ಟಿ. ಸ್ಕ್ಯಾನರ್ ಇದ್ದಲ್ಲಿ ಕೈಯಿಂದ ಪರೀಕ್ಷಿಸುವಂತೆ ವಿನಂತಿಸಿಕೊಳ್ಳಿ.

ಬಣ್ಣ ಬೇಕೋ, ಮುಖ ಬೇಕೋ

ಅಪ್ಪನ ರೀಲುಗಳನ್ನು ಒಯ್ದಾಗ ಲ್ಯಾಬಿನ ಹಿರಿಯರು ಅವನ್ನು ಬೆಳಕಿಗೆ ಹಿಡಿದು ನೋಡಿ ಒಂದು ಪ್ರಶ್ನೆ ಕೇಳಿದರು: ನಿಮಗೆ ಬಣ್ಣ ಬೇಕೋ, ಚಿತ್ರ ಬೇಕೋ?

ಅವರು ವಿವರಿಸಿದ್ದು ಹೀಗೆ. ಬೆಳಕು ಬಿದ್ದ ಫಿಲಂನಲ್ಲಿ ಕಣ್ಣಿಗೆ ಕಾಣದ ಒಂದು ಅಚ್ಚು ಇರುತ್ತದೆ. ತೊಳೆಯದೆ ಇಟ್ಟರೆ ವರ್ಷ ಕಳೆದಂತೆ ಅದು ಮಾಸುತ್ತದೆ. ಇತ್ತ ಸೆಕೆ, ತೇವದಿಂದ ಇಡೀ ಫಿಲಂಗೆ ಒಂದು ಮಂಜು ಕವಿಯುತ್ತದೆ. ಬಣ್ಣದ ಮೂರು ಪದರಗಳು ಒಂದೊಂದು ಒಂದೊಂದು ವೇಗದಲ್ಲಿ ಕೆಡುತ್ತವೆ. ಇಪ್ಪತ್ತು ವರ್ಷದ ರೀಲನ್ನು ಎಂದಿನಂತೆ ಸಿ-41ನಲ್ಲಿ ತೊಳೆದರೆ ಬಣ್ಣ ಬಂದರೂ ಬರಬಹುದು, ಬರೀ ಕಂದು ಕೆಸರು ಬಂದರೂ ಬರಬಹುದು. ಅದರ ಬದಲು ಕಪ್ಪು-ಬಿಳುಪು ದ್ರಾವಣದಲ್ಲಿ ತೊಳೆದರೆ ಬಣ್ಣ ಶಾಶ್ವತವಾಗಿ ಹೋಗುತ್ತದೆ, ಆಕಾರ ಉಳಿಯುವ ಸಾಧ್ಯತೆ ಹೆಚ್ಚು. ಎರಡನೇ ಅವಕಾಶ ಇಲ್ಲ.

ಎರಡು ರೀಲು ಇದ್ದುದರಿಂದ ಒಂದನ್ನು ಬಣ್ಣಕ್ಕೇ ಕೊಟ್ಟೆ. ವಾರದ ನಂತರ ಬಂದದ್ದು ಬಹುತೇಕ ಕೆಸರೇ. ಒಂದು ಫ್ರೇಮಿನಲ್ಲಿ ತೇರಿನ ತುದಿ ಇರಬಹುದು ಎಂಬಂಥ ಆಕಾರ, ಇನ್ನೊಂದರಲ್ಲಿ ಯಾರದೋ ಬಿಳಿ ಪಂಚೆ. ಉಳಿದದ್ದು ಒಂದೇ ರೀಲು. ಅಮ್ಮನಿಗೆ ಫೋನ್ ಮಾಡಿ ಕೇಳಿದೆ.

‘ಬಣ್ಣ ತಗೊಂಡು ಎಂತ ಮಾಡ್ತಿ ಮಾರಾಯ? ಮುಖ ಕಂಡ್ರೆ ಸಾಕು’ ಎಂದಳು.

ಕಪ್ಪು-ಬಿಳುಪಿನಲ್ಲಿ ತೊಳೆದ ಆ ರೀಲಿನ 36ರಲ್ಲಿ 9 ಫ್ರೇಮು ಓದುವಂತೆ ಬಂದವು. ಮರಳು ಚೆಲ್ಲಿದಂಥ ಕಾಳು ಕಾಳು ಚಿತ್ರ. ಏಳರಲ್ಲಿ ಯಾವುದೋ ಮದುವೆ ಮನೆ. ಎಂಟನೆಯದರಲ್ಲಿ ನಾನು, ಸೈಕಲ್ಲಿನ ಜೊತೆ. ಒಂಬತ್ತನೆಯದರಲ್ಲಿ ಅಂಗಳದಲ್ಲಿ ಅಡಿಕೆ ಹರವುತ್ತಿರುವ ಅಜ್ಜಿ. ಕತ್ತೆತ್ತಿ ‘ಬೇಡ’ ಎನ್ನುವ ಹಾಗೆ ಒಂದು ಕೈ ಮುಂದೆ ಮಾಡಿದ್ದಾಳೆ. ಮುಖ ಸ್ಪಷ್ಟ.

ಫೋಟೊ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ನಂಬಿದ್ದವಳು ಅಜ್ಜಿ. ಅವಳ ತಿಥಿಗೆ ಇಡಲು ಫೋಟೊ ಇಲ್ಲದೆ, ಮತದಾರರ ಗುರುತಿನ ಚೀಟಿಯಲ್ಲಿದ್ದ ಬೆರಳುಗುರಿನಷ್ಟು ಚಿತ್ರವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದೆವು. ಅದರಲ್ಲಿ ಕಣ್ಣು ಎಲ್ಲಿ, ಮೂಗು ಎಲ್ಲಿ ಎಂದು ತಿಳಿದವರಿಗಷ್ಟೇ ತಿಳಿಯುತ್ತಿತ್ತು. ಈಗ ಊರಿನ ಗೋಡೆಯ ಮೇಲೆ ಕೈ ಅಡ್ಡ ಹಿಡಿದ ಅಜ್ಜಿ ಇದ್ದಾಳೆ.

ಕೆಳಗಿನ ಮನೆಯ ರೀಲು

ನಮ್ಮ ಕಟ್ಟಡದಲ್ಲೇ ಕಲಬುರಗಿಯ ಕುಟುಂಬವೊಂದಿದೆ. ಮಗಳ ನಾಮಕರಣಕ್ಕೆ ಆಸೆಪಟ್ಟು ಒಂದು ರೀಲು ಫಿಲಂನಲ್ಲಿ ತೆಗೆದರು. ರೀಲಿನ ಬೆಲೆ, ತೊಳೆದದ್ದು, ಸ್ಕ್ಯಾನು ಎಲ್ಲ ಸೇರಿ ಸಾವಿರದ ಮೇಲೆಯೇ ಆಯಿತು. ಅವರು ಕೊಟ್ಟ ಅಂಗಡಿಯಿಂದ ವಾಟ್ಸ್‌ಆ್ಯಪ್‌ನಲ್ಲಿ 36 ಚಿತ್ರ ಬಂದವು. ಫೋನಿನಲ್ಲಿ ಚೆನ್ನಾಗಿಯೇ ಇದ್ದವು. ತಿಂಗಳ ಮೇಲೆ ದೊಡ್ಡ ಪ್ರಿಂಟ್ ಹಾಕಿಸಲು ಹೋದರೆ ಮುಖಗಳೆಲ್ಲ ಚೌಕ ಚೌಕ. ನೆಗೆಟಿವ್ ಕೇಳಿದರೆ, ‘ಹತ್ತು ದಿನದ ಮೇಲೆ ಇಟ್ಟುಕೊಳ್ಳುವುದಿಲ್ಲ, ಬಿಸಾಡಿದೆವು’ ಎಂಬ ಉತ್ತರ. ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ ಅದು ಅಚ್ಚಾಗಿಯೂ ಇತ್ತು.

ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ ನೆಗೆಟಿವ್ ಎಂಬುದು ಸೋರ್ಸ್ ಕೋಡ್. ಸ್ಕ್ಯಾನ್ ಮಾಡಿದ ಜೆಪೆಗ್ ಅದರಿಂದ ಹುಟ್ಟಿದ ಒಂದು ಪ್ರತಿ ಅಷ್ಟೆ. ಇವತ್ತಿನ ಸ್ಕ್ಯಾನು ಚೆನ್ನಾಗಿಲ್ಲದಿದ್ದರೆ ನಾಳೆ ಇನ್ನೊಂದು ಕಡೆ ಮಾಡಿಸಬಹುದು, ಇಪ್ಪತ್ತು ವರ್ಷ ಬಿಟ್ಟು ಮೊಮ್ಮಕ್ಕಳೂ ಮಾಡಿಸಬಹುದು. ನೆಗೆಟಿವ್ ಇದ್ದರೆ ಮಾತ್ರ.

ಕೌಂಟರಿನಲ್ಲಿ ಕೇಳಬೇಕಾದ್ದು

ಮೊದಲನೆಯದು: ‘ನೆಗೆಟಿವ್ ವಾಪಸ್ ಕೊಡುತ್ತೀರಾ? ಎಷ್ಟು ದಿನ ಇಟ್ಟುಕೊಳ್ಳುತ್ತೀರಿ?’ ಉತ್ತರವನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ.

ಎರಡನೆಯದು: ‘ಸ್ಕ್ಯಾನ್ ಎಷ್ಟು ಪಿಕ್ಸೆಲ್?’ ಲೆಕ್ಕ ಸುಲಭ. ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಬೇಕು. 1800×1200 ಪಿಕ್ಸೆಲ್ ಸ್ಕ್ಯಾನು 6×4 ಇಂಚಿನ ಪ್ರಿಂಟಿಗೆ ಸಾಕು, ಅದಕ್ಕಿಂತ ದೊಡ್ಡದಕ್ಕೆ ಸಾಲದು. ಗೋಡೆಗೆ ಹಾಕುವ 18×12 ಇಂಚಿಗೆ 5400×3600 ಬೇಕು. ಲ್ಯಾಬುಗಳಲ್ಲಿರುವ ಫ್ಯೂಜಿ ಫ್ರಾಂಟಿಯರ್, ನೊರಿತ್ಸು ಸ್ಕ್ಯಾನರುಗಳು ಹತ್ತಿರಹತ್ತಿರ ಅಷ್ಟನ್ನು ಕೊಡಬಲ್ಲವು. ಕೇಳದಿದ್ದರೆ ಚಿಕ್ಕದೇ ಬರುತ್ತದೆ. ಕಡತಗಳನ್ನು ಪೆನ್‌ಡ್ರೈವ್ ಅಥವಾ ಡ್ರೈವ್ ಲಿಂಕಿನಲ್ಲಿ ಪಡೆಯಿರಿ, ವಾಟ್ಸ್‌ಆ್ಯಪ್ ಫೋಟೊವಾಗಿ ಬೇಡ.

ಮೂರನೆಯದು: ರೀಲು ಯಾವ ಜಾತಿಯದು ಎಂದು ಬಾಯಿಬಿಟ್ಟು ಹೇಳಿ. ಸಾಂಪ್ರದಾಯಿಕ ಕಪ್ಪು-ಬಿಳುಪು ರೀಲಿನ ಚಿತ್ರ ಇರುವುದೇ ಬೆಳ್ಳಿಯಲ್ಲಿ. ಅದನ್ನು ಸಿ-41 ಯಂತ್ರಕ್ಕೆ ಹಾಕಿದರೆ ಬ್ಲೀಚ್ ಮತ್ತು ಫಿಕ್ಸರ್ ಬೆಳ್ಳಿಯನ್ನೆಲ್ಲ ತೊಳೆದು ಖಾಲಿ ಪಟ್ಟಿ ಕೊಡುತ್ತವೆ. ಸಿನಿಮಾ ಫಿಲಂನ ದೊಡ್ಡ ಸುರುಳಿಯಿಂದ ಕತ್ತರಿಸಿ ಡಬ್ಬಿಗೆ ತುಂಬಿ ಮಾರುವ ರೀಲುಗಳೂ ಸಿಗುತ್ತವೆ. ಅವುಗಳಲ್ಲಿ ಹಲವಕ್ಕೆ ಹಿಂಬದಿಯಲ್ಲಿ ರೆಮ್‌ಜೆಟ್ ಎಂಬ ಮಸಿಯ ಲೇಪ ಇರುತ್ತದೆ. ಅದು ಯಂತ್ರದೊಳಗೆ ಬಿಟ್ಟರೆ ನಿಮ್ಮ ರೀಲಿನ ಜೊತೆ ಸರದಿಯಲ್ಲಿರುವ ಬೇರೆಯವರ ರೀಲೂ ಹಾಳು.

ನಾಲ್ಕನೆಯದು: ನೆಗೆಟಿವ್ ಪಟ್ಟಿಗಳನ್ನು ಸುರುಳಿ ಸುತ್ತದೆ, ಆರಾರು ಫ್ರೇಮಿಗೆ ಕತ್ತರಿಸಿ ಕವರಿನಲ್ಲಿ ಹಾಕಿಕೊಡಲು ಹೇಳಿ. ನಮ್ಮ ಮಲೆನಾಡು, ಕರಾವಳಿಯ ಮನೆಗಳಲ್ಲಿ ನೆಗೆಟಿವ್‌ಗೆ ಬೂಸ್ಟು ದೊಡ್ಡ ಶತ್ರು. ಫಿಲಂನ ಲೇಪ ಜಿಲೆಟಿನ್, ಮಳೆಗಾಲದ ತೇವದಲ್ಲಿ ಬೂಸ್ಟಿಗೆ ಅದು ಊಟ. ಕವರಿನ ಜೊತೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಹಳೇ ನೆಗೆಟಿವ್‌ನಿಂದ ವಿನೆಗರ್ ವಾಸನೆ ಬಂದರೆ ಅದರ ಪ್ಲಾಸ್ಟಿಕ್ಕೇ ಕರಗಲು ಶುರುವಾಗಿದೆ ಎಂದರ್ಥ. ಅದನ್ನು ಬೇರೆ ಇಟ್ಟು, ಮೊದಲು ಅದನ್ನೇ ಸ್ಕ್ಯಾನ್ ಮಾಡಿಸಿ.

ಇನ್ನೆಷ್ಟು ದಿನ

ಒಂದು ಕಾಲದಲ್ಲಿ ನಮ್ಮದೇ ಫಿಲಂ ಇತ್ತು. 1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದೂಸ್ತಾನ್ ಫೋಟೊ ಫಿಲಂಸ್ ‘ಇಂದು’ ಎಂಬ ಹೆಸರಿನಲ್ಲಿ ಮಾರುತ್ತಿತ್ತು. ಆ ಕಾರ್ಖಾನೆ ಮುಚ್ಚಿದೆ. ಕೊಡಾಕ್ 2012ರಲ್ಲಿ ದಿವಾಳಿ ಅರ್ಜಿ ಹಾಕಿತು, ಆದರೂ ಫಿಲಂ ಮಾಡುವುದನ್ನು ಬಿಡಲಿಲ್ಲ. ಫಿಲಂ ಹೇಗೋ ಉಳಿಯುತ್ತದೆ ಅನ್ನಿಸುತ್ತದೆ. ನನ್ನ ಚಿಂತೆ ಯಂತ್ರಗಳದ್ದು ಮತ್ತು ಅವನ್ನು ನಡೆಸುವ ಕೈಗಳದ್ದು. ಲ್ಯಾಬಿನ ಸ್ಕ್ಯಾನರುಗಳು ಹಳೆಯವು, ಒಂದು ಕೆಟ್ಟರೆ ಇನ್ನೊಂದರ ಬಿಡಿಭಾಗ ಕಿತ್ತು ಹಾಕುತ್ತಾರೆ. ‘ಬಣ್ಣ ಬೇಕೋ, ಚಿತ್ರ ಬೇಕೋ’ ಎಂದು ಕೇಳಬಲ್ಲ ಹಿರಿಯರಿಗೆ ಅರವತ್ತು ದಾಟಿದೆ. ಅವರ ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ದೆಹಲಿಯಲ್ಲಿ ನೆಲೆಸಿ ದಶಕಗಳ ಕಾಲ ಸಾಮಾನ್ಯ ಜನರ ಬದುಕನ್ನು ಕಪ್ಪು-ಬಿಳುಪು ಫಿಲಂನಲ್ಲಿ ಹಿಡಿದಿಟ್ಟವರು. 1977ರಲ್ಲಿ ಪದ್ಮಶ್ರೀ ಬಂತು. ಅಂಥವರ ಚಿತ್ರಗಳನ್ನು ಪುಸ್ತಕಗಳು, ಸಂಗ್ರಹಗಳು ಕಾಯುತ್ತವೆ. ನಮ್ಮ ನಿಮ್ಮ ಅಪ್ಪಂದಿರು ತೆಗೆದ ನಾಮಕರಣ, ಜಾತ್ರೆ, ಅಂಗಳದ ಅಡಿಕೆಯ ಚಿತ್ರಗಳನ್ನು ಕಾಯುವವರು ನಾವೇ.

ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘದಂಥ ಸಂಘಗಳು ಬಹುತೇಕ ಎಲ್ಲ ದೊಡ್ಡ ಊರುಗಳಲ್ಲೂ ಇವೆ. ವರ್ಷಕ್ಕೊಮ್ಮೆ ಒಂದು ಭಾನುವಾರ ಹಳೇ ನೆಗೆಟಿವ್‌ಗಳಿಗೆಂದು ಮೀಸಲಿಟ್ಟರೆ ಹೇಗೆ? ಒಂದು ಸ್ಕ್ಯಾನರು, ಎರಡು ಲ್ಯಾಪ್‌ಟಾಪು, ನಮ್ಮಂಥ ನಾಲ್ಕು ಜನ ಸಾಕು. ಫೋಟೊದಲ್ಲಿರುವವರು ಯಾರು ಎಂದು ಹೇಳಬಲ್ಲ ಹಿರಿಯರು ಪಕ್ಕದಲ್ಲಿ ಕೂತರೆ ಹೆಸರುಗಳನ್ನೂ ಬರೆದುಕೊಳ್ಳಬಹುದು.

ಮುಂದಿನ ಸಲ ಊರಿಗೆ ಹೋದಾಗ ಅಟ್ಟ ಹತ್ತಿ ನೋಡಿ. ತೊಳೆಸದ ರೀಲು ಸಿಕ್ಕರೆ ಬಿಚ್ಚಬೇಡಿ, ಎಳೆಯಬೇಡಿ. ಮಳೆಗಾಲ ಶುರುವಾಗುವ ಮೊದಲು ಜೇಬಿನಲ್ಲಿಟ್ಟುಕೊಂಡು ಬನ್ನಿ.