ಮಳೆಗಾಲದ ಬೇಸರವೂ ಚೆನ್ನೆಮಣೆಯೂ

ಕರಾವಳಿಯಲ್ಲಿ ಮಳೆಯು ಬಲವಾಗಿ ಹಿಡಿದಾಗ ಶಾಲೆಗಳಿಗೆ ರಜೆ ಸಾರುವುದು ವಾಡಿಕೆ. ಮೊದಲನೆಯ ದಿನ ಮಕ್ಕಳಿಗೆ ಹಬ್ಬ. ಎರಡನೆಯ ದಿನ ಮಧ್ಯಾಹ್ನವಾಗುವಷ್ಟರಲ್ಲಿ "ಅಮ್ಮಾ, ಬೇಸರ" ಎಂಬ ಮಾತು ಅಡುಗೆಮನೆಯ ಬಾಗಿಲಿಗೆ ಬರುತ್ತದೆ. ಅಂಥ ವೇಳೆಯಲ್ಲಿ ಮೊಬೈಲನ್ನು ಮಗುವಿನ ಕೈಗಿತ್ತು ತಮ್ಮ ಕೆಲಸಕ್ಕೆ ತಿರುಗುವ ತಾಯಂದಿರನ್ನು ನಾವು ದೂಷಿಸಲಾರೆವು. ಆದರೂ 2ರಿಂದ 4 ವರ್ಷದ ಮಕ್ಕಳು ಕುಳಿತು ಪರದೆಯನ್ನು ನೋಡುವ ಕಾಲವು ದಿನಕ್ಕೆ 1 ಗಂಟೆಯನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೇಳಿರುವುದನ್ನು ಮರೆಯುವಂತಿಲ್ಲ. ಹಾಗಾದರೆ ಉಳಿದ ಗಂಟೆಗಳನ್ನು ಹೇಗೆ ಕಳೆಯಿಸಬೇಕು?

ಮಕ್ಕಳ ಬೇಸರವು ಆಟಿಕೆಗಳ ಕೊರತೆಯಿಂದ ಹುಟ್ಟುವುದಲ್ಲವೆಂಬುದು ನಮ್ಮ ಅಭಿಪ್ರಾಯ. ಬೊಂಬೆಗಳು ತುಂಬಿದ ಮನೆಯಲ್ಲಿಯೂ ಮಗು ಬೇಸರಪಡುತ್ತದೆ. ಅದಕ್ಕೆ ಬೇಕಾದವು ಮೂರು: ಕೈಗೆ ಕೆಲಸ, ಬುದ್ಧಿಗೆ ತೊಡಕು, ಎದುರಿಗೆ ಒಬ್ಬ ಜೊತೆಗಾರ. ಈ ಮೂರನ್ನೂ ಒಟ್ಟಿಗೆ ಕೊಡುವ ಸಾಧನವೊಂದು ನಮ್ಮ ಹಿರಿಯರ ಮನೆಗಳಲ್ಲಿಯೇ ಇತ್ತು. ತುಳುನಾಡಿನಲ್ಲಿ ಅದಕ್ಕೆ ಚೆನ್ನೆಮಣೆಯೆಂದೂ ಘಟ್ಟದ ಮೇಲೆ ಅಳಗುಳಿಮಣೆಯೆಂದೂ ಹೆಸರು. ನಾಟಿಯ ಕೆಲಸ ಮುಗಿದು ಮಳೆಯಿಂದ ಹೊರಗೆ ಹೋಗಲಾಗದ ಆಟಿ ತಿಂಗಳಲ್ಲಿಯೇ ತುಳುವರು ಇದನ್ನು ವಿಶೇಷವಾಗಿ ಆಡುತ್ತಿದ್ದದ್ದು ಅರ್ಥವುಳ್ಳದ್ದಾಗಿದೆ.

ಮಣೆಯಲ್ಲಿ ಒಂದೊಂದು ಸಾಲಿಗೆ 7ರಂತೆ 14 ಗುಳಿಗಳಿರುತ್ತವೆ. ಗುಳಿಗೆ 4 ಬೀಜಗಳಂತೆ ಒಟ್ಟು 56 ಬೀಜಗಳು. ಆಡುವವಳು ತನ್ನ ಸಾಲಿನ ಯಾವುದಾದರೊಂದು ಗುಳಿಯನ್ನು ಬರಿದು ಮಾಡಿ, ಬಲಗಡೆಗೆ ಗುಳಿಗೊಂದರಂತೆ ಬೀಜ ಹಾಕುತ್ತಾ ಮಣೆಯನ್ನು ಸುತ್ತಬೇಕು. ಕೈಯ ಬೀಜಗಳು ಮುಗಿದ ಕೂಡಲೆ ಮುಂದಿನ ಗುಳಿಯದನ್ನು ತೆಗೆದುಕೊಂಡು ಆಟವನ್ನು ಮುಂದುವರಿಸಬೇಕು. ಆ ಮುಂದಿನ ಗುಳಿ ಬರಿದಾಗಿದ್ದರೆ ಅದರಾಚೆಯ ಗುಳಿಯ ಬೀಜಗಳೆಲ್ಲಾ ಅವಳಿಗೆ ದಕ್ಕುವವು. ಅಲ್ಲಿಗೆ ಸರದಿ ಎದುರಾಳಿಯದು. ಊರೂರಿಗೆ, ಮನೆಮನೆಗೆ ನಿಯಮದಲ್ಲಿ ಭೇದವುಂಟು. ಸಾಮಾನ್ಯವಾದ ಕ್ರಮವೊಂದನ್ನು ಇಲ್ಲಿ ಹೇಳಿದ್ದೇವೆ.

ಒಂದು ಆಟ ಮುಗಿದಾಗ ಒಬ್ಬಳಲ್ಲಿ 30, ಇನ್ನೊಬ್ಬಳಲ್ಲಿ 26 ಬೀಜಗಳು ಉಳಿದವೆಂದು ಎಣಿಸೋಣ. ಸೋತವಳು ತನ್ನ 26ರಿಂದ 6 ಗುಳಿಗಳನ್ನು ತುಂಬಿದರೆ 2 ಬೀಜಗಳು ಮಿಗುತ್ತವೆ. ಏಳನೆಯ ಗುಳಿಯನ್ನು ಮುಚ್ಚಿಟ್ಟು ಆಕೆಯು ಮತ್ತೆ ಆಡಬೇಕು. ಪಾಟಿಯ ಮೇಲೆ ಭಾಗಾಕಾರಕ್ಕೆ ಅಳುವ ಬಾಲೆಯು ಇಲ್ಲಿ ತಾನಾಗಿಯೇ ಭಾಗಿಸುತ್ತಾಳೆ. ಮುಂದಿನ ಆಟದಲ್ಲಿ ಬೀಜಗಳನ್ನು ಗೆದ್ದುಕೊಂಡರೆ ಮುಚ್ಚಿದ ಗುಳಿಯನ್ನು ತೆರೆಯಲೂ ಬರುತ್ತದೆ. ಆದಕಾರಣ ಸೋಲು ಇಲ್ಲಿ ಕೊನೆಯ ಮಾತಲ್ಲ.

ಆದರೆ ಸೋಲನ್ನು ತಾಳಿಕೊಳ್ಳುವುದು ತಾನಾಗಿ ಬರುವ ಗುಣವಲ್ಲ. ಇದನ್ನು ತುಳುವರು ಬಹಳ ಹಿಂದೆಯೇ ಅರಿತಿದ್ದರು. ಸಿರಿ ಪಾಡ್ದನದಲ್ಲಿ ಅಬ್ಬಗ, ದಾರಗರೆಂಬ ಅವಳಿ ಸಹೋದರಿಯರು ಚೆನ್ನೆಯಾಡುತ್ತಾ ಜಗಳಕ್ಕೆ ತೊಡಗಿ, ಒಬ್ಬಳು ಮಣೆಯಿಂದಲೇ ಇನ್ನೊಬ್ಬಳನ್ನು ಹೊಡೆದು ಕೊಲ್ಲುತ್ತಾಳೆ; ಬಳಿಕ ತಾನೂ ಬಾವಿಗೆ ಹಾರುತ್ತಾಳೆ. ಅಕ್ಕತಂಗಿಯರು ಎದುರುಬದುರಾಗಿ ಚೆನ್ನೆ ಆಡಬಾರದೆಂಬ ನಂಬಿಕೆಯೂ ತುಳುನಾಡಿನಲ್ಲಿದೆ. ಆಟವನ್ನು ನಿಷೇಧಿಸುವುದಕ್ಕಿಂತ, ಆಡುವವರ ಬಳಿ ಹಿರಿಯರೊಬ್ಬರು ಕುಳಿತಿರುವುದು ಮೇಲೆಂದು ನಾವು ಎಣಿಸುತ್ತೇವೆ. ಮೊದಲ ಎರಡು ಆಟಗಳನ್ನು ತಾಯಿಯೋ ಅಜ್ಜಿಯೋ ಮಗುವಿನೊಡನೆ ಆಡಲಿ. ತಾವು ಸೋತಾಗ ನಗುತ್ತಾ ಬೀಜಗಳನ್ನು ಎಣಿಸಿಕೊಡಲಿ. ಸೋತವರು ಹೇಗಿರಬೇಕೆಂಬುದನ್ನು ಮಗು ಬಾಯಿಮಾತಿನಿಂದ ಕಲಿಯದು, ನೋಡಿ ಕಲಿಯುತ್ತದೆ. ಅನಂತರ ಹಿರಿಯರು ಹಿಂದೆ ಸರಿಯಬೇಕು. ಪ್ರತಿಯೊಂದು ನಡೆಯನ್ನೂ ಹೇಳಿಕೊಟ್ಟರೆ ಆಟವು ಪಾಠವಾಗಿ, ಬೇಸರವು ಮರಳಿ ಬರುವುದು.

ಮಣೆಯಿಲ್ಲದವರು ಚಿಂತಿಸಬೇಕಾಗಿಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ 14 ವೃತ್ತಗಳನ್ನು ಬರೆದರೆ ಸಾಕು. ತೆಂಗಿನ ಚಿಪ್ಪುಗಳೂ ಆದಾವು. ಹುಣಿಸೆಯ ಬೀಜಗಳನ್ನು ತೊಳೆದು ಒಣಗಿಸಿಟ್ಟುಕೊಳ್ಳಬಹುದು. ಗುಲಗಂಜಿಯು ನೋಡಲು ಅಂದವಾದರೂ ಅದನ್ನು ಮಕ್ಕಳ ಕೈಗೆ ಕೊಡಲೇಬಾರದು. ಅಗಿದು ನುಂಗಿದರೆ ಅದು ಪ್ರಾಣಕ್ಕೆ ಅಪಾಯ ತರುವಂಥ ವಿಷ. ಏನನ್ನಾದರೂ ಬಾಯಿಗೋ ಮೂಗಿಗೋ ಹಾಕಿಕೊಳ್ಳುವ ಎಳೆಯ ಮಕ್ಕಳಿರುವ ಮನೆಯಲ್ಲಿ ಆಟ ಮುಗಿದೊಡನೆ 56 ಬೀಜಗಳನ್ನೂ ಎಣಿಸಿ ಎತ್ತಿಡುವುದು ಅಗತ್ಯ. ಆ ಎಣಿಕೆಯನ್ನೂ ಮಕ್ಕಳಿಗೇ ವಹಿಸಬಹುದು.

ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ಬಿನ್ನಹ. ಹಲವು ಮನೆಗಳಲ್ಲಿ ಚೆನ್ನೆಮಣೆಯು ಇಂದು ಗೋಡೆಯ ಅಲಂಕಾರವಾಗಿದೆ. ಅದರ ಆಟದ ಕ್ರಮವು ಅಜ್ಜಿಯ ನೆನಪಿನಲ್ಲಿ ಮಾತ್ರ ಉಳಿದಿದೆ. ಮಣೆಯನ್ನು ಯಾವ ಬಡಗಿಯೂ ಹೊಸದಾಗಿ ಮಾಡಿಕೊಟ್ಟಾನು. ನಿಮ್ಮ ಮನೆಯ ನಿಯಮವನ್ನು ಮಾತ್ರ ಅಜ್ಜಿಯ ಹೊರತು ಬೇರೆ ಯಾರೂ ಹೇಳಿಕೊಡಲಾರರು. ಮುಂದಿನ ಮಳೆಯ ರಜೆಯಲ್ಲಿ ಮಣೆಯನ್ನು ಕೆಳಗಿಳಿಸಿ, ಮೊಮ್ಮಕ್ಕಳನ್ನು ಅವರೆದುರಿಗೆ ಕೂರಿಸಿರಿ.