ಊಟ ಒಂದೇ, ಕೊಲೆಸ್ಟೆರಾಲ್ ಬೇರೆ ಏಕೆ?

ಪ್ರಶ್ನೆ: ನಾನೂ ತಮ್ಮನೂ ಉಣ್ಣುವುದು ಒಂದೇ ಅಡುಗೆ. ಇಬ್ಬರಿಗೂ ಕಾಯಿಲೆಯಿಲ್ಲ. ಆದರೂ ನನ್ನ ಕೊಲೆಸ್ಟೆರಾಲ್ ಮಾತ್ರ ಜಾಸ್ತಿ. ಏಕೆ?

ಉತ್ತರ: ರಕ್ತದ ಕೊಲೆಸ್ಟೆರಾಲ್‌ನಲ್ಲಿ ಹೆಚ್ಚಿನ ಪಾಲು ದೇಹವೇ ತಯಾರಿಸಿದ್ದು. ರಕ್ತದಲ್ಲಿ ಕೊಲೆಸ್ಟೆರಾಲ್ ಹೊತ್ತೊಯ್ಯುವ ಎಲ್‌ಡಿಎಲ್ ಕಣಗಳನ್ನು ಯಕೃತ್ತಿನ ಗ್ರಾಹಕಗಳು ಹಿಡಿದು ಒಳಗೆಳೆದುಕೊಳ್ಳುತ್ತವೆ. ಪಿಸಿಎಸ್‌ಕೆ9 ಎಂಬ ಪ್ರೋಟೀನು ಆ ಗ್ರಾಹಕಗಳನ್ನೇ ನಾಶಕ್ಕೆ ಕಳಿಸುತ್ತದೆ. ಇದರ ಜೀನ್ ಕೆಲವರಲ್ಲಿ ಹುಟ್ಟಿನಿಂದಲೇ ಸರಿಯಾಗಿ ಕೆಲಸ ಮಾಡದು. ಗ್ರಾಹಕಗಳು ಹೆಚ್ಚು ಉಳಿಯುವುದರಿಂದ ಅದೇ ಅವರ ಅದೃಷ್ಟ! 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಅಂಥ ಕಪ್ಪುವರ್ಣೀಯರ ಎಲ್‌ಡಿಎಲ್ ಸರಾಸರಿ ಶೇ 28ರಷ್ಟು, ಹೃದಯದ ರಕ್ತನಾಳದ ಕಾಯಿಲೆಯ ಅಪಾಯ ಶೇ 88ರಷ್ಟು ಕಡಿಮೆಯಿತ್ತು.

ಎಪಿಒಇ ಎಂಬ ಇನ್ನೊಂದು ಜೀನಿನ ಇ4 ರೂಪ ಎಲ್‌ಡಿಎಲ್ ಏರಿಸುತ್ತದೆ, ಇ2 ಸಾಮಾನ್ಯವಾಗಿ ಇಳಿಸುತ್ತದೆ. ಒಡಹುಟ್ಟಿದವರಿಗೂ ಬೇರೆ ಬೇರೆ ರೂಪ ಬರಬಹುದು. ನಿಮ್ಮ ಎಲ್‌ಡಿಎಲ್ ಡೆಸಿಲೀಟರಿಗೆ 190 ಮಿಲಿಗ್ರಾಂ ದಾಟಿದ್ದರೆ ವೈದ್ಯರನ್ನು ಕಾಣಿ. ತಮ್ಮನಿಗೂ ಮಕ್ಕಳಿಗೂ ರಕ್ತಪರೀಕ್ಷೆ ಮಾಡಿಸಿ.